ಒಂಬತ್ತು ರೂಪಾಯಿಯ ಪೈಪು

ಆ ಪೈಪಿಗೆ ನಾನು ಕೊಟ್ಟದ್ದು ಒಂಬತ್ತು ರೂಪಾಯಿ. ಗುಜರಿ ಅಂಗಡಿಯವನು ಹದಿನಾರು ಅಂದ. ನಾನು ಏಳರಿಂದ ಶುರುಮಾಡಿದೆ. ಎರಡು ಸಲ ಎದ್ದು ಹೊರಟೆ, ಎರಡು ಸಲವೂ ಕರೆದ. ಕೊನೆಗೆ ಒಂಬತ್ತಕ್ಕೆ ನಿಂತಿತು, ಮೇಲೆ ಎರಡು ಹಳೆಯ ಕ್ಲಾಂಪುಗಳೂ ಪುಕ್ಕಟೆ ಬಂದವು. ಅದೇ ವಾರ ಬಂಗಾರಪೇಟೆಯ ಮೇಸ್ತ್ರಿ ನನ್ನ ಲಾರಿಗೆ ಸರಿಯಾದ ಸೈಲೆನ್ಸರ್ ಹಾಕಲು ಅರವತ್ತೆರಡು ರೂಪಾಯಿ ಹೇಳಿದ್ದ. ಅಂದರೆ ಐವತ್ತಮೂರು ರೂಪಾಯಿ ಉಳಿಸಿದೆ. ಆ ಉಳಿತಾಯಕ್ಕೆ ಬೆಲೆ ತೆತ್ತವಳು ನನ್ನ ಅಕ್ಕ. ಗಂಡನ ಜೊತೆಗಿನ ಕೊನೆಯ ಒಂದು ಗಂಟೆ ಅವಳ ಕೈತಪ್ಪಿತು. ಹೇಗೆ ತಪ್ಪಿತು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದುವವರಲ್ಲಿ ಲಾರಿ ಇಟ್ಟವರಿದ್ದರೆ ಅವರಿಗೆ ಉಪಯೋಗಕ್ಕೂ ಬಂದೀತು.

ನಮ್ಮದು ಬಂಗಾರಪೇಟೆಯಿಂದ ಆರು ಮೈಲಿ ಆಚೆಯ ಹಳ್ಳಿ. ನಾನು ಶುರುಮಾಡಿದ್ದು ಒಂದು ಎತ್ತಿನ ಗಾಡಿಯಿಂದ. ಕೋಲಾರ ಚಿನ್ನದ ಗಣಿಯ ಊರುಗಳಿಗೆ ಸೌದೆ ಹೊಡೆಯುತ್ತಿದ್ದೆ. ಒಂದು ಗಾಡಿ ಎರಡಾಯಿತು, ಎರಡನ್ನೂ ಮಾರಿ ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಪೆಟ್ರೋಲ್ ಲಾರಿಯೊಂದನ್ನು ತೆಗೆದುಕೊಂಡೆ. ಆಗ ನಯಾ ಪೈಸೆ ಬಂದು ಒಂದೆರಡು ವರ್ಷ ಆಗಿತ್ತು. ಜನ ಇನ್ನೂ ಆಣೆಯಲ್ಲೇ ಎಣಿಸುತ್ತಿದ್ದರು. ಗಣಿಯೊಳಗೆ ಮೇಲಿನ ಬಂಡೆ ಕುಸಿಯದ ಹಾಗೆ ಒತ್ತು ಕೊಡಲು ಮರದ ಕಂಬ ಬೇಕು, ಎಷ್ಟು ತಂದರೂ ಸಾಲದು. ನಮ್ಮ ಸುತ್ತಿನ ಹಳ್ಳಿಗಳ ತೋಪುಗಳಲ್ಲಿ ನೀಲಗಿರಿ, ಸರ್ವೆ ಕಡಿಸಿ ಗಣಿಯ ಮರದ ಯಾರ್ಡಿಗೆ ಹೊಡೆಯುವುದು ನನ್ನ ಕೆಲಸ.

ಅಕ್ಕನನ್ನು ಕೊಟ್ಟಿದ್ದು ಗಣಿಯ ಶಾಫ್ಟಿಗೆ, ಅಂದರೆ ಆಳದ ಬಾವಿಗೆ, ಇಳಿಯುವವನಿಗೇ. ನಮ್ಮ ಕಡೆಯವನೇ, ಹೊಲ ಸಾಲದೆ ಗಣಿ ಸೇರಿದವನು. ಅವರ ಮನೆ ಊರಿಗಾಂ ದಾಟಿದ ಮೇಲೆ ಸಿಗುವ ಒಂದು ಲೈನಿನಲ್ಲಿ ಇತ್ತು. ಲೈನು ಅಂದರೆ ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಕೋಣೆಗಳು, ತಟ್ಟಿ ಗೋಡೆ, ಮೇಲೆ ತಗಡು. ಆ ಸಾಲಿನಲ್ಲಿ ಅಕ್ಕನ ಮನೆಯೊಂದೇ ಕನ್ನಡದ್ದು, ಮಿಕ್ಕವೆಲ್ಲ ತಮಿಳಿನವರದು. ಅಕ್ಕ ಎರಡೇ ವರ್ಷದಲ್ಲಿ ತಮಿಳಿನಲ್ಲಿ ಜಗಳ ಆಡುವಷ್ಟು ಕಲಿತಿದ್ದಳು. ಮಕ್ಕಳಿರಲಿಲ್ಲ. ಲೋಡು ಇಳಿಸಿದ ಮೇಲೆ ನನ್ನ ಮಧ್ಯಾಹ್ನದ ಊಟ ಅಲ್ಲೇ.

ಭಾವನ ಪಾಳಿ ಮುಗಿದ ದಿನ ನಾವಿಬ್ಬರೂ ಒಟ್ಟಿಗೆ ಉಣ್ಣುತ್ತಿದ್ದೆವು. ನನ್ನನ್ನು ಗೇಲಿ ಮಾಡದಿದ್ದರೆ ಅವನಿಗೆ ಮುದ್ದೆ ಇಳಿಯುತ್ತಿರಲಿಲ್ಲ.

"ಏನ್ ಸಾವ್ಕಾರ್ರೆ, ಇವತ್ತು ನಮ್ ಶಾಫ್ಟಿಗೆ ಬಂದಿದ್ ಕಂಬ ನಿಮ್ದೇ ಅಂತೆ?"

"ನಮ್ದೇ ಭಾವ. ಯಾಕೆ?"

"ಏನಿಲ್ಲ. ಅದನ್ನ ನೋಡಿದ್ ಮ್ಯಾಕೆ ಬಂಡೆ ಮ್ಯಾಲೇನೇ ನಂಬ್ಕೆ ಜಾಸ್ತಿ ಬಂತು."

ಅಕ್ಕ ಸಾರಿನ ಸೌಟು ಹಿಡಿದುಕೊಂಡೇ ನಗುತ್ತಿದ್ದಳು.

ಕಂಬಕ್ಕೆ ಲೋಡಿನ ಲೆಕ್ಕದಲ್ಲಿ ಬಾಡಿಗೆ. ಒಂದೇ ಪ್ರಯಾಣಕ್ಕೆ ಎರಡು ಲೋಡು ಹೋದರೆ ಪೆಟ್ರೋಲ್ ಉಳಿಯುತ್ತದಲ್ಲ ಅಂತ ಒಂದು ಎರಡು ಚಕ್ರದ ಟ್ರೇಲರ್ ಕಟ್ಟಿಸಿ ಲಾರಿಯ ಹಿಂದೆ ಸಿಕ್ಕಿಸಿದೆ. ಬಂಗಾರಪೇಟೆಯಿಂದ ದಾರಿ ಬಹುಪಾಲು ಸಮ. ಕಷ್ಟ ಇದ್ದದ್ದು ಕೊನೆಯ ಎರಡು ಫರ್ಲಾಂಗಿನಲ್ಲಿ. ಯಾರ್ಡಿನ ಗೇಟಿಗೆ ಹೋಗಲು ಒಂದು ಏರು ಹತ್ತಬೇಕು. ಒಂದು ಪಕ್ಕಕ್ಕೆ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬ, ಇನ್ನೊಂದು ಪಕ್ಕಕ್ಕೆ ಅಕ್ಕನ ಲೈನಿನ ಹಿಂಗೋಡೆ. ಗೋಡೆಗೂ ನನ್ನ ಚಕ್ರಕ್ಕೂ ನಾಲ್ಕು ಮೊಳ ಇದ್ದರೆ ಹೆಚ್ಚು.

ಟ್ರೇಲರ್ ಕಟ್ಟಿದ ಮೂರನೆಯ ತಿಂಗಳಿಗೆ ಲಾರಿ ಸೋಲತೊಡಗಿತು. ಸಮದಲ್ಲೂ ಓಡಲಾರದು, ಏರಿನಲ್ಲಂತೂ ಮೊದಲನೇ ಗೇರಿಗೆ ಬಂದು ಏದುಸಿರು ಬಿಡುತ್ತಿತ್ತು. ಅರ್ಧ ಏರಿಗೆ ರೇಡಿಯೇಟರ್ ಕುದಿದು ಮುಚ್ಚಳ ಕುಣಿಯುತ್ತಿತ್ತು. ಆಕ್ಸಿಲೇಟರ್ ಎಷ್ಟು ಒತ್ತಿದರೂ ಒಂದು ಹಂತದ ಮೇಲೆ ಎಂಜಿನ್ ಏಳುತ್ತಿರಲಿಲ್ಲ, ಯಾರೋ ಅದರ ಮೂಗು ಹಿಡಿದ ಹಾಗೆ.

ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ಶೆಡ್ಡು ಹಾಕಿಕೊಂಡಿದ್ದ ಮೇಸ್ತ್ರಿ ವಯಸ್ಸಾದವನು, ಕಡಿಮೆ ಮಾತು. ಅವನು ಬಾನೆಟ್ಟನ್ನೇ ಎತ್ತಲಿಲ್ಲ. ಲಾರಿಯ ಹಿಂದೆ ಹೋಗಿ ಹೊಗೆ ಬರುವ ಬಾಯಿಗೆ ಅಂಗೈ ಅಡ್ಡ ಹಿಡಿದು, ಎಂಜಿನ್ ಏರಿಸು ಅಂತ ನನಗೆ ಸನ್ನೆ ಮಾಡಿದ. ಆಮೇಲೆ ಕೆಳಗೆ ನುಸುಳಿ, ಎಂಜಿನ್ನಿನಿಂದ ಹೊಗೆ ಪೈಪು ಶುರುವಾಗುವ ಜಾಗದಲ್ಲಿ ಬೋಲ್ಟು ಸಡಿಲ ಮಾಡಿ, "ಈಗ ಒಂದು ಸುತ್ತು ಒಡ್ಕೊಂಡ್ ಬನ್ನಿ ಗೌಡ್ರೇ" ಅಂದ. ಹೋಗಿ ಬಂದೆ. ಸದ್ದು ವಿಪರೀತ, ಆದರೆ ಲಾರಿ ಕರುವಿನ ಹಾಗೆ ನೆಗೆಯಿತು.

"ಗಾಡಿಗೆ ಉಸಿರು ಒಳಕ್ಕೆ ಓಗ್ತಾ ಐತೆ, ಆಚೆಗೆ ಬರ್ತಿಲ್ಲ," ಅಂದ ಮೇಸ್ತ್ರಿ. ಸೈಲೆನ್ಸರ್ ಬಿಚ್ಚಿ ಸುತ್ತಿಗೆಯಿಂದ ತಟ್ಟಿದ. ಒಳಗಿನಿಂದ ಬೊಗಸೆ ತುಂಬ ತುಕ್ಕು ಉದುರಿತು. "ಒಳಗಿನ್ ತಟ್ಟೆಗಳು ಕಳಚಿ ಅಡ್ಡ ಬಿದ್ದವೆ. ಒಸಾದು ಆಕ್ಬೇಕು. ಅರವತ್ತೆರಡು."

"ಅಡ್ಡ ಬಿದ್ದಿರೋದನ್ನ ಕಿತ್ತಾಕಿದ್ರೆ ಆಯ್ತಲ್ಲ. ಅಗಲವಾಗಿ ಒಂದು ಬರೀ ಪೈಪ್ ಆಕಿದ್ರೆ ಇನ್ನೂ ಸಲೀಸಾಗಿ ಓಗಲ್ವಾ ಒಗೆ?"

"ಬರೀ ಪೈಪ್ ಆಕ್ಬೋದು, ಸದ್ದು ಬರ್ತದೆ. ಅಗಲದ್ದು ಮಾತ್ರ ಬ್ಯಾಡಿ. ಎಂಜಿನ್ ಬಾಯಿ ಎರಡಿಂಚು ಐತೆ, ಪೈಪೂ ಅಷ್ಟೇ ಇರ್ಬೇಕು. ಅಗಲ ಆದ್ರೆ ಒಗೆ ಸೋಮಾರಿ ಆಗ್ತದೆ. ನೀವು ಟ್ರೇಲರ್ ಕಟ್ಕೊಂಡು ಏರಲ್ಲಿ ಮೆಲ್ಲಕ್ ಓಗೋರು, ಅಲ್ಲೇ ಎಳೆತ ಕಮ್ಮಿ ಬೀಳ್ತದೆ. ಕಾರ್ಬೋರೇಟರ್ ಲೆಕ್ಕಾನೂ ತಪ್ತದೆ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆಗಿ ವಾಲ್ವ್ ಸುಡ್ತದೆ."

ಸೈಲೆನ್ಸರ್ ಮಾರುವವನು ಸೈಲೆನ್ಸರ್ ಬೇಡ ಅಂದಾನೆಯೇ? ಹಾಗಂತ ಅವನ ಮುಖಕ್ಕೇ ಹೇಳಿದೆ. "ಎಣ್ಣೆ ಮಾರೋನು ಎಲ್ರ ತಲೇನೂ ಒಣಗೈತೆ ಅಂತಾನೇ ಏಳೋದು ಮೇಸ್ತ್ರಿ."

ಅವನು ಬೀಡಿ ಹಚ್ಚಿಕೊಂಡು ನಕ್ಕ. "ಸರಿ ಬುಡಿ. ಗಂಟಲು ಕಟ್ಟಿದ್ರೆ ಗಂಟಲು ಸರಿಮಾಡ್ಕೋಬೇಕು, ಬಾಯಿ ಅರ್ಕೋಬಾರ್ದು."

ಆಂಡರ್ಸನ್‌ಪೇಟೆಯ ಗುಜರಿಯಲ್ಲಿ ಸಿಕ್ಕಿದ್ದು ಗಣಿಯೊಳಗೆ ಗಾಳಿ ಒಯ್ಯುತ್ತಿದ್ದ ಹಳೆಯ ಕಬ್ಬಿಣದ ಪೈಪು. ಮೂರೂವರೆ ಇಂಚು ಅಗಲ, ಕೈ ತೂರಿಸಿದರೆ ಮೊಣಕೈವರೆಗೂ ಹೋಗುತ್ತಿತ್ತು. ವೆಲ್ಡಿಂಗಿನವನ ಹತ್ತಿರ ಹಾಕಿಸಿಕೊಂಡೆ. ಮೊದಲ ದಿನವೇ ಲೋಡು, ಟ್ರೇಲರ್ ಎರಡನ್ನೂ ಎಳೆದುಕೊಂಡು ಏರು ಹತ್ತಿತು. ನಾನು ಸ್ಟೇರಿಂಗ್ ತಟ್ಟಿ ತಟ್ಟಿ ನಕ್ಕೆ.

ನನ್ನ ತಪ್ಪು ಶುರುವಾದದ್ದು ಅಲ್ಲಿಂದ. ಲಾರಿ ಎಳೆದದ್ದು ಗಂಟಲಲ್ಲಿ ಅಡ್ಡ ಬಿದ್ದಿದ್ದ ತಗಡು ಹೋದದ್ದರಿಂದ. ನಾನು ಆ ಬಲವನ್ನೆಲ್ಲ ಅಗಲ ಪೈಪಿಗೂ ಅದರ ಸದ್ದಿಗೂ ಜಮಾ ಹಾಕಿದೆ. ಎಂಥ ಸದ್ದು ಅಂತೀರಿ. ಎಂಜಿನ್ ಏರಿಸಿದರೆ ಎದೆಯೊಳಗೆ ತಮಟೆ. ಬಸ್ಸಿನ ಡ್ರೈವರುಗಳು ಪಕ್ಕಕ್ಕೆ ಸರಿದು ದಾರಿ ಕೊಡುತ್ತಿದ್ದರು. ಬಂಗಾರಪೇಟೆ ಸಂತೆಯಲ್ಲಿ ಜನ ನನ್ನನ್ನು ಗುಡುಗಿನ ಲಾರಿಯವನು ಅಂತಲೇ ಗುರುತಿಸತೊಡಗಿದರು. ಯಾರ್ಡಿನ ಕಾವಲುಗಾರ ಅರ್ಧ ಮೈಲಿಯಿಂದಲೇ ಸದ್ದು ಕೇಳಿ ಗೇಟು ತೆಗೆದಿಟ್ಟಿರುತ್ತಿದ್ದ. ನಾನು ಬ್ರೇಕು ಹಾಕುವ ಅವಶ್ಯಕತೆಯೇ ಇರಲಿಲ್ಲ. ಇಷ್ಟೆಲ್ಲ ಒಂಬತ್ತು ರೂಪಾಯಿಗೆ.

ಪೈಪು ಹಾಕಿಸಿದ ಮೊದಲ ದಿನವೇ ಇನ್ನೊಂದೂ ನಡೆದಿತ್ತು. ಏರು ಹತ್ತಿ ಲೈನಿನ ತಿರುವಿಗೆ ಬಂದರೆ ಹೆಂಗಸರೆಲ್ಲ ರಸ್ತೆಯಲ್ಲಿ ನಿಂತಿದ್ದರು. ಒಬ್ಬಳ ಕಂಕುಳಲ್ಲಿ ಕೂಸು, ಒಬ್ಬಳ ತಲೆಯಲ್ಲಿ ಅರ್ಧ ಹಚ್ಚಿದ ಸೀಗೇಪುಡಿ. ಎಲ್ಲರೂ ಶಾಫ್ಟಿನ ಕಡೆ ಮುಖಮಾಡಿದ್ದವರು ನನ್ನ ಕಡೆ ತಿರುಗಿದರು. ಅಕ್ಕ ಮುಂದೆ ಬಂದು ಲಾರಿಯ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. ಆಮೇಲೆ ಬಾಗಿಲಿನ ಹತ್ತಿರ ಬಂದಳು.

"ನೀನೇ ಏನ್ಲಾ ಇದು?"

"ನಾನೇ ಅಕ್ಕ. ಯಾಕೆ?"

"ಅಟ್ಟದ ಮ್ಯಾಲಿದ್ ಪಾತ್ರೆಯೆಲ್ಲಾ ಕುಣೀತವೆ ಕಣ್ಲಾ. ನಾವು ಬರ್ಸ್ಟ್ ಅನ್ಕಂಡ್ವಿ."

ಗೊತ್ತಿಲ್ಲದವರಿಗೆ ಹೇಳಬೇಕು. ಅಲ್ಲಿ ಗಣಿ ತುಂಬ ಆಳ. ಆ ಆಳದಲ್ಲಿ ಭಾರ ತಡೆಯಲಾರದೆ ಬಂಡೆ ಒಮ್ಮೊಮ್ಮೆ ಸಿಡಿಯುತ್ತದೆ. ಅದನ್ನೇ ಅಲ್ಲಿಯವರು ಬರ್ಸ್ಟ್ ಅನ್ನುವುದು. ಕೆಳಗೆ ಸಿಡಿದರೆ ಮೇಲೆ ನೆಲ ಅದುರಿ, ತಗಡು ನಡುಗಿ, ಪಾತ್ರೆ ಒಂದಕ್ಕೊಂದು ತಾಗುತ್ತವೆ. ಆ ಊರಿನ ಹೆಂಗಸರ ಒಂದು ಕಿವಿ ಯಾವಾಗಲೂ ಪಾತ್ರೆಗಳ ಮೇಲೇ. ಪಾತ್ರೆ ಅದುರಿದರೆ ಅಲ್ಲಿ ಒಂದು ಪದ್ಧತಿ ಇತ್ತು. ಯಾರೂ ಯಾರನ್ನೂ ಕೇಳುವುದಿಲ್ಲ. ಒಲೆಯ ಮೇಲಿರುವುದನ್ನು ಕೆಳಗಿಟ್ಟು, ಚಿಲಕ ಎಳೆದು, ಶಾಫ್ಟಿನ ಗೇಟಿಗೆ ಹೋಗಿ ನಿಲ್ಲುವುದು. ಅಳುವುದಿಲ್ಲ, ಕೂಗುವುದಿಲ್ಲ. ಗಂಡಸರನ್ನು ಹೊತ್ತ ಕೇಜು ಮೇಲೆ ಬರುವವರೆಗೆ ಸುಮ್ಮನೆ ನಿಲ್ಲುವುದು. ಭಾವ ಒಮ್ಮೆ ಹೇಳಿದ್ದ: ನೆಲ ಅದುರಿದ ದಿನ ಕೇಜಿನಲ್ಲಿ ಮೇಲೆ ಬರುವಾಗ ಬೆಳಕು ಕಾಣಿಸಿದ ತಕ್ಷಣ ಎಲ್ಲರೂ ತಲೆಗೆ ಸುತ್ತಿದ ಟವಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರಂತೆ. ಗೇಟಿನಲ್ಲಿ ಹೆಂಡತಿ ನಿಂತಿರುತ್ತಾಳೆ, ಮಸಿ ಮುಖದಲ್ಲಿ ಗುರುತು ಸಿಗದೆ ಹೆದರಬಾರದು ಅಂತ.

ನನಗೆ ಅಂದು ಇದೆಲ್ಲ ಗೊತ್ತಿತ್ತು. ಆದರೂ ನಕ್ಕೆ.

ಎಂಟು ಹತ್ತು ದಿನ ಆದ ಮೇಲೆ ಊಟಕ್ಕೆ ಕೂತಾಗ ಅಕ್ಕ ಮತ್ತೆ ತೆಗೆದಳು. "ಆ ಸೈಲೆನ್ಸರ್ ಅಂತೀಯಲ್ಲ, ಅದನ್ನ ಆಕ್ಸಿಬಿಡೋ."

"ಅರವತ್ತೆರಡು ರೂಪಾಯಿ ಅಕ್ಕ. ಮೇಲಾಗಿ ಅದನ್ನ ಆಕಿದ್ರೆ ಈ ಎಳೆತ ಬರಲ್ಲ. ಟ್ರೇಲರ್ ಮನೆ ಮುಂದೆ ನಿಂತೋಯ್ತದೆ."

"ನಾನ್ ಕೊಡ್ತೀನಿ. ಬರೋ ತಿಂಗಳು ಚೀಟಿ ಎತ್ತುತೀನಿ."

"ನಿನ್ ದುಡ್ಡಲ್ಲಿ ಲಾರಿ ಓಡಿಸ್ಬೇಕಾ ನಾನು?"

"ನಿನ್ ಸದ್ದಲ್ಲಿ ನಾನ್ ಬದುಕ್ತಿಲ್ವಾ?"

ಆಗ ವ್ಯಾಪಾರಿ ಮಾಡುವುದನ್ನೇ ಮಾಡಿದೆ, ಒಂದು ಮಧ್ಯದ ದಾರಿ ಮುಂದಿಟ್ಟೆ. ಏರು ಶುರುವಾಗುವ ಮೊದಲು ಎರಡು ಸಲ ಹಾರ್ನ್ ಒತ್ತುತ್ತೇನೆ. ಹಾರ್ನ್ ಕೇಳಿದರೆ ನಾನು, ಕೇಳದಿದ್ದರೆ ಗೇಟಿಗೆ ಓಡಿ. ಅಕ್ಕ ಒಪ್ಪಿದಳೋ ಸೋತಳೋ, ತಲೆಯಾಡಿಸಿದಳು. ನನಗೆ ಖರ್ಚಿಲ್ಲದ ಒಪ್ಪಂದ. ನಾನು ಆ ಕಾಲದಲ್ಲಿ ಮಾಡಿದ ಒಪ್ಪಂದಗಳೆಲ್ಲ ಹಾಗೇ ಇರುತ್ತಿದ್ದವು.

ಮೊದಲ ಹದಿನೈದು ದಿನ ತಪ್ಪದೆ ಒತ್ತಿದೆ. ಆಮೇಲೆ ಕೆಲವು ದಿನ ಮರೆತೆ. ಏರಿನ ಬುಡದಲ್ಲಿ ಗೇರು ಬದಲಿಸುವ ಗಡಿಬಿಡಿ, ಹಿಂದೆ ಟ್ರೇಲರ್ ಜಗ್ಗುವ ಯೋಚನೆ. ಮರೆತ ದಿನ ಹೆಂಗಸರು ಒಂದೆರಡು ಸಲ ಓಡಿದರು, ಬೈದುಕೊಂಡು ವಾಪಸು ಬಂದರು. ಕ್ರಮೇಣ ಓಡುವುದು ನಿಂತಿತು. ಹಾರ್ನ್ ಇದ್ದರೂ ಇಲ್ಲದಿದ್ದರೂ ಅದು ನನ್ನ ಲಾರಿಯೇ ಆಯಿತು. ಪಕ್ಕದ ಮನೆಯ ತಮಿಳು ಪಾಟಿ, ಆ ಸಾಲಿಗೆಲ್ಲ ಹಿರಿಯ ಅಜ್ಜಿ, ಪಾತ್ರೆ ಅದುರಿದಾಗ ಅಕ್ಕ ಎದ್ದು ನಿಂತರೆ, "ಉನ್ ತಂಬಿ ವಂಡಿ ದಾನ್, ಉಕ್ಕಾರು" ಅನ್ನುತ್ತಿದ್ದಳಂತೆ. ನಿನ್ನ ತಮ್ಮನ ಗಾಡಿಯೇ, ಕೂತ್ಕೋ. ಅಕ್ಕ ಇದನ್ನು ನನಗೆ ಹೇಳಿದಾಗ ನಾನು, "ನೋಡ್ದಾ, ಅಭ್ಯಾಸ ಆಯ್ತು" ಅಂದೆ. ನನಗೆ ನಿಜಕ್ಕೂ ಸಮಾಧಾನವಾಗಿತ್ತು.

ಲಾರಿಯ ಎಳೆತ ಮಾತ್ರ ಮತ್ತೆ ಇಳಿಯತೊಡಗಿತು. ಖಾಲಿ ಓಡಿಸಿದರೆ, ಸಮ ರಸ್ತೆಯಲ್ಲಿ ಎಂಜಿನ್ ಏರಿಸಿದರೆ, ಏನೂ ಕೊರತೆ ಕಾಣುತ್ತಿರಲಿಲ್ಲ. ಟ್ರೇಲರ್ ಕಟ್ಟಿ ಏರಿಗೆ ಬಿಟ್ಟರೆ ಬಲ ಇಲ್ಲ. ಮೊದಲನೇ ಗೇರಿನಲ್ಲೇ ಆಕ್ಸಿಲೇಟರನ್ನು ನೆಲಕ್ಕೆ ಒತ್ತಿ, ಕಿರುಚಿಸಿಕೊಂಡು ಹತ್ತಿಸಬೇಕು. ಅಂದರೆ ಲೈನಿನ ಹಿಂಗೋಡೆಯ ಪಕ್ಕ ಸದ್ದು ಮೊದಲಿಗಿಂತ ಎರಡರಷ್ಟು, ಹೊತ್ತೂ ಎರಡರಷ್ಟು. ಪೈಪಿನೊಳಗೆ ಪಟಾರ್ ಪಟಾರ್ ಅಂತ ಸಿಡಿಯುವುದು ಬೇರೆ ಶುರುವಾಯಿತು. ಒಂದು ದಿನ ಅರ್ಧ ಏರಿನಲ್ಲಿ ನಿಂತೇಬಿಟ್ಟಿತು. ಟ್ರೇಲರ್ ಬಿಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಲಾರಿಯನ್ನಷ್ಟೇ ಮೇಲೆ ಮುಟ್ಟಿಸಿ, ಆಮೇಲೆ ಬಂದು ಟ್ರೇಲರಿನ ಕಂಬಗಳನ್ನು ಎರಡು ಸಲಕ್ಕೆ ಸಾಗಿಸಿದೆ.

ಮಾರನೆಯ ದಿನ ಬೆಳಿಗ್ಗೆ ಲಾರಿಯನ್ನು ಮೇಸ್ತ್ರಿಯ ಶೆಡ್ಡಿಗೆ ಬಿಟ್ಟೆ. ಅವನು ಎಂಜಿನ್ನಿನ ತಲೆ ಬಿಚ್ಚಿ ಒಂದು ವಾಲ್ವ್ ಹೊರಗೆಳೆದು ನನ್ನ ಅಂಗೈಯಲ್ಲಿಟ್ಟ. ಅಂಚು ಇಲಿ ಕಚ್ಚಿದ ರೊಟ್ಟಿಯ ಹಾಗೆ ಸುಟ್ಟು ಹರಿದಿತ್ತು.

"ಇದು ಒಗೆ ಆಚೆಗೆ ಬಿಡೋ ವಾಲ್ವು. ಅಗಲ ಪೈಪ್ ಬ್ಯಾಡ ಅಂದಿದ್ದೆ."

"ಎಷ್ಟಾಯ್ತದೆ ಅದನ್ನ ಏಳಿ."

ಅವನು ಹೇಳಿದ. ನಾನು ಜಾಸ್ತಿ ಅಂದೆ. ಅಲ್ಲೇ ಒಂದು ಡಬ್ಬದ ಮೇಲೆ ಕೂತು ಚೌಕಾಸಿ ಶುರುಮಾಡಿದೆ. ಹನ್ನೊಂದು ಗಂಟೆ ಇರಬಹುದು. ಬೇರೆ ದಿನವಾಗಿದ್ದರೆ ಸರಿಯಾಗಿ ಆ ಹೊತ್ತಿಗೆ ನಾನು ಏರು ಹತ್ತುತ್ತಿರುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಗಣಿಯ ಕೊನೆಯ ಸ್ಟೇಷನ್ನು ಮಾರಿಕುಪ್ಪಂ ಕಡೆಯಿಂದ ರೈಲು ಬಂತು. ಇಳಿದವರು ಸ್ಟೇಷನ್ನಿನಿಂದ ಆಚೆ ಬರುತ್ತಲೇ ಮಾತಾಡುತ್ತಿದ್ದರು: ಬರ್ಸ್ಟ್ ಆಗೈತಂತೆ, ಮೂರು ಜನಾನೋ ನಾಕು ಜನಾನೋ. ಯಾವ ಶಾಫ್ಟು ಅಂತ ಕೇಳಿದೆ. ಭಾವ ಇಳಿಯುತ್ತಿದ್ದ ಶಾಫ್ಟು. ಅದೇ ರೈಲು ವಾಪಸು ಹೊರಡುವಾಗ ಹತ್ತಿದೆ. ನನ್ನ ಕೈಯಲ್ಲಿ ಇನ್ನೂ ಆ ವಾಲ್ವ್ ಇತ್ತು ಅನ್ನುವುದು ಊರಿಗಾಂನಲ್ಲಿ ಇಳಿದ ಮೇಲೆ ಗೊತ್ತಾಯಿತು. ರೈಲಿನಲ್ಲಿ ಕೂತಷ್ಟು ಹೊತ್ತೂ ಅಕ್ಕ ಗೇಟಿನಲ್ಲಿ ಇದ್ದಾಳೆ, ಅವಳು ನೋಡಿಕೊಂಡಿರುತ್ತಾಳೆ ಅಂತಲೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ.

ಆಸ್ಪತ್ರೆಯ ಜಗಲಿಯಲ್ಲಿ ಅಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಬಲಗೈಗೆ ಮೊಣಕೈವರೆಗೆ ರಾಗಿಹಿಟ್ಟು ಮೆತ್ತಿ ಒಣಗಿತ್ತು. ಪಾಟಿ ಪಕ್ಕದಲ್ಲಿ ಕೂತು ತನ್ನ ಸೆರಗನ್ನು ಬಾಯಿಗೆ ತುಂಬಿಕೊಂಡಿದ್ದಳು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡಳು. ನಡೆದದ್ದನ್ನು ಹೇಳಿದ್ದು ಅವಳೇ, ಆಮೇಲೆ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ.

ಪಾತ್ರೆ ಅದುರಿದವು. ತಗಡು ನಡುಗಿತು. ಅಕ್ಕ ಮುದ್ದೆಗೆ ಎಸರಿಟ್ಟಿದ್ದಳು. ಪಾಟಿ ತನ್ನ ಬಾಗಿಲಿನಿಂದಲೇ ದಿನಾ ಹೇಳುವ ಮಾತು ಹೇಳಿದಳು. ಅಕ್ಕ, "ಇವತ್ತು ಒತ್ತಿಗ್ ಸರಿಯಾಗಿ ಬಂದ" ಅಂದಳಂತೆ. ಹಾಗಂದು ಇನ್ನೊಂದು ಹಿಡಿ ಹಿಟ್ಟನ್ನು ಎಸರಿಗೆ ಹಾಕಿದಳಂತೆ. ಅದು ನನ್ನ ಪಾಲಿನದು.

ಬೇರೆ ಲೈನುಗಳಿಂದ ಹೆಂಗಸರು ಓಡಿಬಂದು ಗೇಟಿನಲ್ಲಿ ನಿಂತಿದ್ದರು. ನಮ್ಮ ಏರಿನ ಪಕ್ಕದ ಆ ಒಂದು ಸಾಲಿನಿಂದ ಒಬ್ಬಳೂ ಹೋಗಿರಲಿಲ್ಲ. ಭಾವನನ್ನು ಮೇಲೆ ತಂದಾಗ ಜೀವ ಇತ್ತು. ಆಸ್ಪತ್ರೆಗೆ ಹೊತ್ತುಕೊಂಡು ಹೋದ ಮೇಲೂ ಒಂದು ಗಂಟೆ ಇತ್ತು. ಪಾಳಿಯವನೊಬ್ಬ ಲೈನಿಗೆ ಬಂದು ಬಾಗಿಲು ಬಡಿದಾಗ ಅಕ್ಕ ಮುದ್ದೆ ಕಟ್ಟಿ ನನಗಾಗಿ ಕಾಯುತ್ತಿದ್ದಳು. ಅವಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು.

ಭಾವನನ್ನು ಹೊತ್ತವರಲ್ಲಿ ಒಬ್ಬ, ಭಾವನ ಜೊತೆಗೇ ಇಳಿಯುತ್ತಿದ್ದವನು, ನನ್ನನ್ನು ಬೇವಿನ ಮರದ ಕಡೆಗೆ ಕರೆದು ಹೇಳಿದ. "ಗೇಟ್ ಅತ್ರ ಬಂದಾಗ ಮುಖ ಒರ್ಸು ಅಂದ. ಒರ್ಸ್‌ದೆ. ತಲೆ ಎತ್ತಿ ನೋಡ್ದ. ಬಂದಿಲ್ವಾ ಅಂದ. ಬತ್ತಾವ್ಳೆ ಅಂದೆ. ಆಸ್ಪತ್ರೇಲೂ ಎರಡ್ ಸಲ ಕೇಳ್ದ."

ಸಂಜೆ ಅಕ್ಕ ಬಾಯಿಬಿಟ್ಟಳು. "ನಿಮ್ ಭಾವ ಏನಾರ ಅಂದ್ರಂತಾ?"

"ಇಲ್ಲ ಅಕ್ಕ. ಪ್ರಜ್ಞೆ ಇರ್ಲಿಲ್ವಂತೆ."

ಅವಳು ನನ್ನ ಮುಖ ನೋಡಿದಳು. ಅವಳು ನನ್ನನ್ನು ಎತ್ತಿ ಆಡಿಸಿದವಳು. ನಾನು ಯಾವಾಗ ಸುಳ್ಳು ಹೇಳುತ್ತೇನೆ ಅಂತ ನನ್ನ ಗಿರಾಕಿಗಳಿಗೆ ತಿಳಿಯದಿರಬಹುದು, ಅವಳಿಗೆ ತಿಳಿಯುತ್ತಿತ್ತು.

ಹನ್ನೊಂದನೆಯ ದಿನ ಭಾವನನ್ನು ಹೊತ್ತಿದ್ದ ಅವನೇ ಬಂದು ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳಿದ. ಅಂದಿನಿಂದ ಅಕ್ಕ ನನ್ನನ್ನು ಬೈಯಲಿಲ್ಲ. "ಬನ್ನಿ," ಅಂದಳು. "ಕೂತ್ಕೊಳ್ಳಿ," ಅಂದಳು. "ಊಟಕ್ ಏಳಿ." ನಾಲ್ಕು ಜನರ ಮುಂದೆ ಮರ್ಯಾದೆ ಕೊಟ್ಟು ಕರೆದ ಹಾಗಿತ್ತು. ಮನೆಯೊಳಗೆ ನಾವಿಬ್ಬರೇ ಇದ್ದಾಗಲೂ ಹಾಗೇ.

ಲೈನಿನ ಮನೆ ಕೆಲಸದವನಿಗೆ ಕೊಟ್ಟದ್ದು, ಕೆಲಸದವನೇ ಹೋದ ಮೇಲೆ ಬಿಡಬೇಕು. ಅಕ್ಕ ನಮ್ಮ ಹಳ್ಳಿಗೆ, ನಮ್ಮ ಮನೆಗೇ ಬಂದಳು.

ಲಾರಿ ಮೇಸ್ತ್ರಿಯ ಶೆಡ್ಡಿನಲ್ಲಿ ತಿಂಗಳು ನಿಂತಿತ್ತು. ಹೋಗಿ, ನೀನು ಮೊದಲು ಹೇಳಿದ ಹಾಗೆ ಮಾಡು ಅಂದೆ: ಎರಡಿಂಚಿನ ಪೈಪು, ಹೊಸ ಸೈಲೆನ್ಸರ್, ವಾಲ್ವುಗಳು. ಚೌಕಾಸಿ ಮಾಡಲಿಲ್ಲ ಅಂತ ಬರೆಯಲು ಆಸೆ. ಮಾಡಿದೆ. ಸೈಲೆನ್ಸರಿಗೆ ಅರವತ್ತೆರಡು ಅಂದವನನ್ನು ಐವತ್ತೆಂಟಕ್ಕೆ ತಂದೆ. ಬಾಯಿ ತಾನಾಗಿ ಆಡಿತು, ಆಡಿದ ಮೇಲೆ ಅಲ್ಲಿ ಕೂರಲಾಗದೆ ಎದ್ದು ಸ್ಟೇಷನ್ನಿನ ಕಡೆ ನಡೆದೆ.

ಮೊದಲ ಲೋಡು ಹೊಡೆದ ದಿನ ಬೇಕಂತಲೇ ಟ್ರೇಲರಿಗೆ ಕಂಬ ಸ್ವಲ್ಪ ಹೆಚ್ಚೇ ಹಾಕಿಸಿದ್ದೆ. ಏರಿನ ಬುಡದಲ್ಲಿ ಎರಡನೇ ಗೇರಿಗೆ ತಂದೆ, ಮೊದಲನೆಯದಕ್ಕೆ ಇಳಿಸಬೇಕಾದೀತು ಅಂತ ಕೈ ಗೇರಿನ ಮೇಲೇ ಇತ್ತು. ಇಳಿಸಬೇಕಾಗಲಿಲ್ಲ. ಎಂಜಿನ್ ಒಂದೇ ಸಮ ಗೊಣಗಿಕೊಂಡು, ಭಾರದ ಕೆಳಗೆ ಹೆಗಲು ಕೊಟ್ಟ ಎತ್ತಿನ ಹಾಗೆ, ನಿಧಾನಕ್ಕೆ ಹತ್ತಿತು. ರೇಡಿಯೇಟರ್ ಕುದಿಯಲಿಲ್ಲ. ಲೈನಿನ ಪಕ್ಕ ಹಾಯುವಾಗ ಪಾಟಿ ಹಿಂಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅಕ್ಕನ ಮನೆಗೆ ಬೇರೆ ಯಾರೋ ಬಂದಿದ್ದರು. ಮೇಲೆ ಯಾರ್ಡಿನ ಗೇಟು ಮುಚ್ಚಿತ್ತು. ಲಾರಿ ನಿಲ್ಲಿಸಿದೆ. ಇಳಿದು ಹೋಗಿ ಕಾವಲುಗಾರನನ್ನು ಕರೆಯಲು ತುಂಬ ಹೊತ್ತು ನನ್ನಿಂದ ಆಗಲಿಲ್ಲ. ಅಷ್ಟು ದಿನ ನಾನು ಹೊರಡಿಸಿದ ಆ ಸದ್ದಿನಲ್ಲಿ ಒಂದು ಕಂಬ ಎಳೆಯುವಷ್ಟೂ ಬಲ ಇರಲಿಲ್ಲ.

ಒಂದು ವರ್ಷವೋ ಹೆಚ್ಚೋ ಕಳೆದ ಮೇಲೆ ಅಕ್ಕ ಬಂಗಾರಪೇಟೆಗೆ ಹೋಗಬೇಕಾಗಿ ಬಂತು, ಕಣ್ಣಿಗೆ ಔಷಧಿ ಹಾಕಿಸಲು. ಬಸ್ಸು ತಪ್ಪಿತ್ತು. ಅವಳು ಮೊದಲ ಸಲ ನನ್ನ ಲಾರಿಯ ಮುಂದೆ ಹತ್ತಿ ಕೂತಳು. ಹಿಂದೆ ಟ್ರೇಲರ್ ಇತ್ತು, ತುಂಬ ಕಂಬ ಇತ್ತು. ಊರ ಮುಂದಿನ ಕೆರೆ ಏರಿಗೆ ಹತ್ತುವಾಗ ಅವಳು ಕಿಟಕಿಯ ಹೊರಗೆ ಬಗ್ಗಿ ಹಿಂದಕ್ಕೆ ನೋಡಿದಳು, ಚಕ್ರ ಉರುಳುತ್ತಿದೆಯೋ ಇಲ್ಲವೋ ಅನ್ನುವ ಹಾಗೆ.

"ಸದ್ದೇ ಇಲ್ವಲ್ಲ," ಅಂದಳು.

"ಊಂ ಅಕ್ಕ."

"ಇಂಗೂ ಎಳೀತದಾ ಇದು?"

"ಎಳೀತದೆ."

ಸ್ವಲ್ಪ ದೂರ ಹೋದೆವು. ಅವಳು ಮಡಿಲಲ್ಲಿದ್ದ ಚೀಲದ ಬಾಯಿ ಬಿಗಿದಳು, ಬಿಚ್ಚಿದಳು.

"ಮೊದ್ಲೂ ಎಳೀತಿತ್ತಾ?"

ಇಲ್ಲ ಅನ್ನಬಹುದಿತ್ತು. ಇದು ಹೊಸ ಎಂಜಿನ್ ಅನ್ನಬಹುದಿತ್ತು, ಅವಳಿಗೇನು ಗೊತ್ತಾಗುತ್ತಿತ್ತು. ಆದರೆ ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೇಳಿದ ಮಾತನ್ನು ಒಮ್ಮೆ ಬಚ್ಚಿಟ್ಟವನು ನಾನು.

"ಎಳೀತಿತ್ತು ಅಕ್ಕ. ಸೈಲೆನ್ಸರ್ ಆಕಿದ್ರೆ ಅವಾಗ್ಲೂ ಇಂಗೇ ಎಳೀತಿತ್ತು."

ಅವಳು ಮುಂದಿನ ರಸ್ತೆ ನೋಡುತ್ತಾ ಕೂತಳು. ಬಂಗಾರಪೇಟೆಯಲ್ಲಿ ಇಳಿಯುವಾಗ ಮೆಟ್ಟಿಲು ಎತ್ತರ ಅಂತ ನಾನು ಕೈ ಕೊಟ್ಟೆ, ಹಿಡಿದುಕೊಂಡು ಇಳಿದಳು. ಇಷ್ಟು ಬಿಟ್ಟು ಇನ್ನೇನೂ ಆಗಲಿಲ್ಲ.

ಈಗ ಲಾರಿ, ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ನಾಲ್ಕು ಮಾತು ಹೇಳುತ್ತೇನೆ, ಇಟ್ಟುಕೊಳ್ಳಿ. ಗಾಡಿ ಎಳೆತ ಕಳೆದುಕೊಂಡರೆ ಕೈಗೆ ಬಂದದ್ದನ್ನು ಕತ್ತರಿಸಬೇಡಿ. ಎಂಜಿನ್ನಿಗೂ ಹೊಗೆ ಪೈಪಿಗೂ ಸೇರುವ ಬೋಲ್ಟು ಸಡಿಲ ಮಾಡಿ ಒಂದು ಸುತ್ತು ಓಡಿಸಿ. ಆಗ ಬಲ ಬಂದರೆ ತೊಂದರೆ ಸೈಲೆನ್ಸರಿನಲ್ಲಿದೆ. ಬರದಿದ್ದರೆ ವಾಲ್ವಿನಲ್ಲೋ, ಗಾಳಿಯ ಜಾಲರಿಯಲ್ಲೋ, ಬೇರೆ ಕಡೆ ಹುಡುಕಿ. ಪರೀಕ್ಷೆ ಮುಗಿದ ಮೇಲೆ ಬೋಲ್ಟು ಬಿಗಿ ಮಾಡಲು ಮರೆಯಬೇಡಿ, ಆ ಸಂದಿನ ಹೊಗೆ ಒಳಗೆ ನುಗ್ಗಿದರೆ ಡ್ರೈವರಿಗೆ ತಲೆ ಸುತ್ತುತ್ತದೆ. ಹೊಸ ಪೈಪು ಎಂಜಿನ್ನಿನ ಬಾಯಿಯಷ್ಟೇ ಅಗಲ ಇರಲಿ. ಬಗ್ಗಿಸುವ ಕಡೆ ಚಪ್ಪಟೆ ಆಗದ ಹಾಗೆ ನಿಂತು ನೋಡಿಕೊಳ್ಳಿ. ಒಂದು ಜಾಗದಲ್ಲಿ ಅಮುಕಿದ ಪೈಪು ಪೂರ್ತಿ ಸಣ್ಣ ಪೈಪಿನಷ್ಟೇ ಕೆಟ್ಟದ್ದು. ಪೈಪು ಬದಲಿಸಿದ ವಾರದ ಮೇಲೆ ಪ್ಲಗ್ಗು ಬಿಚ್ಚಿ ನೋಡಿ. ತುದಿ ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಾರ್ಬೋರೇಟರ್ ಸರಿಮಾಡಿಸಿ. ಮಾಡಿಸದಿದ್ದರೆ ವಾಲ್ವಿಗೆ ದುಡ್ಡು ತೆಗೆದಿಟ್ಟುಕೊಳ್ಳಿ. ಎಳೆತವನ್ನು ಖಾಲಿ ಗಾಡಿಯಲ್ಲಿ, ಸಮ ರಸ್ತೆಯಲ್ಲಿ ಅಳೆಯಬೇಡಿ. ಪೂರ್ತಿ ಲೋಡು ಹಾಕಿ, ಟ್ರೇಲರ್ ಕಟ್ಟಿ, ನಿಮ್ಮ ದಾರಿಯ ಅತಿ ಕಷ್ಟದ ಏರಿಗೆ ಹೋಗಿ, ಯಾವ ಗೇರಿನಲ್ಲಿ ಹತ್ತುತ್ತದೆ, ನೀರು ಕುದಿಯುತ್ತದೋ ಇಲ್ಲವೋ ಅಷ್ಟು ನೋಡಿ. ಕಿವಿಯ ಸಾಕ್ಷಿ ತೆಗೆದುಕೊಳ್ಳಬೇಡಿ. ಇಷ್ಟೂ ಆದ ಮೇಲೆ ಒಂದು ದಿನ ಸ್ಟೇರಿಂಗನ್ನು ನಂಬಿಕಸ್ಥರ ಕೈಗೆ ಕೊಟ್ಟು, ನಿಮ್ಮ ಗಾಡಿ ದಿನಾ ಹಾಯುವ ರಸ್ತೆಯ ಪಕ್ಕದ ಯಾವುದಾದರೂ ಮನೆಯಲ್ಲಿ ಕೇಳಿಕೊಂಡು ಒಳಗೆ ಕೂತುಕೊಳ್ಳಿ. ಗಾಡಿ ಹಾಯಲಿ. ಹಾದ ಮೇಲೆ ನಿಮಗೆ ಏನನ್ನಿಸಿತು ಅನ್ನುವುದು ಬೇಡ, ಆ ಮನೆಯ ಹೆಂಗಸನ್ನು ಕೇಳಿ. ಅವಳು ಬೇಡ ಅಂದರೆ ಆ ಪೈಪನ್ನು ಅವತ್ತೇ ಬಿಚ್ಚಿಸಿಬಿಡಿ.